ರಬ್ಬರು ಕೇಳಿದ ಸಾಹುಕಾರರು

ಸದನದ ವರದಿಗಾರರ ಕೋಣೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಪೆನ್ಸಿಲಕ್ಕ ಎಂದು. ಪೆನ್ನು ಹೊತ್ತಲ್ಲದ ಹೊತ್ತಿನಲ್ಲಿ ಕೈಕೊಡುತ್ತದೆ, ಪೆನ್ಸಿಲಿಗೆ ಆ ಬುದ್ಧಿಯಿಲ್ಲ ಎಂಬುದು ಅವಳ ವಾದ. ಮೂವತ್ತಾರು ವರ್ಷ ಶಾಸಕರ ಮಾತನ್ನು ಶೀಘ್ರಲಿಪಿಯಲ್ಲಿ ಹಿಡಿದು, ಟೈಪು ಮಾಡಿ, ನಡಾವಳಿಯ ಪುಸ್ತಕಕ್ಕೆ ಕಳಿಸಿ ನಿವೃತ್ತಳಾದಳು. ಮೇಜು ಕುಟ್ಟಿದವರು, ಗಂಟಲು ಹರಿಯುವಂತೆ ಕೂಗಿದವರು, ನಿದ್ದೆಯಿಂದೆದ್ದು ‘ನನ್ನ ವಿರೋಧವಿದೆ’ ಎಂದು ಮತ್ತೆ ನಿದ್ದೆಗೆ ಜಾರಿದವರು, ಎಲ್ಲರೂ ಅವಳ ಪೆನ್ಸಿಲಿನ ಕೆಳಗೆ ಹಾದುಹೋದವರೇ.

ಅವರಲ್ಲಿ ನೆನೆದಾಗಲೆಲ್ಲ ಅವಳ ಮುಖ ಅರಳಿಸುತ್ತಿದ್ದವರು ಸಾಹುಕಾರರು ಒಬ್ಬರೇ. ಧಾನ್ಯದ ಮಂಡಿ ಇಟ್ಟುಕೊಂಡಿದ್ದವರು, ಐದು ಸಲ ಗೆದ್ದು ಬಂದವರು. ಕೈಯಲ್ಲಿ ಚೀಟಿ ಹಿಡಿದವರಲ್ಲ, ಹತ್ತು ನಿಮಿಷ ಮೀರಿದವರಲ್ಲ. ಸರ್ಕಾರಿ ಆಸ್ಪತ್ರೆಯ ಕೆಟ್ಟ ಲಿಫ್ಟಿನ ಬಗ್ಗೆ ನಾಲ್ಕು ವರ್ಷ ಬಿಡದೆ ಪ್ರಶ್ನೆ ಹಾಕಿದರು. “ಮಾನ್ಯ ಸಚಿವರೇ, ನಾನು ಮೇಲೆ ಹೋಗುವುದರೊಳಗೆ ಅದು ಮೇಲೆ ಹೋಗುತ್ತದೆಯೇ?” ಎಂದು ಕೇಳಿದ ದಿನ ಸಭಾಧ್ಯಕ್ಷರೇ ನಕ್ಕುಬಿಟ್ಟರು. ಮುಂದಿನ ವಾರ ಲಿಫ್ಟು ಓಡಿತು. ‘ನಗು’ ಎಂದು ಆವರಣದೊಳಗೆ ಟೈಪು ಮಾಡಿದ ಪೆನ್ಸಿಲಕ್ಕನೂ ಒಬ್ಬಳೇ ಕೂತು ನಕ್ಕಿದ್ದಳು.

ಸಾಹುಕಾರರು ತೀರಿಕೊಂಡು ವರ್ಷವಾಗಿತ್ತು. ಅವರ ಭಾಷಣಗಳನ್ನು ಪುಸ್ತಕ ಮಾಡುತ್ತೇನೆಂದು ಮಗಳು ಹೊರಟಿದ್ದಳು. ಒಂದು ಬೆಳಿಗ್ಗೆ ಕಾಗದದ ದೊಡ್ಡ ಕಟ್ಟನ್ನು ಎದೆಗವಚಿಕೊಂಡು ಪೆನ್ಸಿಲಕ್ಕನ ಮನೆಯ ಮೆಟ್ಟಿಲು ಹತ್ತಿ ಬಂದಳು. ಸಣ್ಣವಳಿದ್ದಾಗ ಅಪ್ಪನ ಜೊತೆ ಸದನಕ್ಕೆ ಬಂದು, ವರದಿಗಾರರ ಕೋಣೆಯಲ್ಲಿ ಪೆನ್ಸಿಲ್ ಕೆತ್ತುತ್ತ ಕೂರುತ್ತಿದ್ದ ಹುಡುಗಿ; ಈಗ ತಲೆಯಲ್ಲಿ ಅಲ್ಲಲ್ಲಿ ಬಿಳಿ.

“ಅಕ್ಕಾ, ಎಲ್ಲಾ ಸರಿ ಇದೆಯಾ ಅಂತ ನೀವೊಂದ್ಸಲ ಕಣ್ಣಾಡಿಸಬೇಕು. ಒಂದನ್ನ ಮಾತ್ರ ಬಿಟ್ಬಿಡ್ತಾ ಇದೀನಿ.”

“ಯಾವುದಮ್ಮಾ?”

“ಮೂಟೆ ಮಸೂದೆದು.”

ಕಾಫಿ ತರುವ ನೆಪದಲ್ಲಿ ಎದ್ದ ಪೆನ್ಸಿಲಕ್ಕ ಮತ್ತೆ ಅಲ್ಲೇ ಕೂತಳು.

ಹಮಾಲರು ಹೊರುವ ಮೂಟೆ ಐವತ್ತು ಕಿಲೋ ಮೀರಬಾರದು ಎಂಬುದು ಆ ಮಸೂದೆ. ಮೊದಲ ಸಲ ಬಂದಾಗ ಸಾಹುಕಾರರೇ ಅದನ್ನು ವಿರೋಧಿಸಿ ಬೀಳಿಸಿದ್ದರು. ಮೂರು ವರ್ಷದ ಮೇಲೆ ಮತ್ತೆ ಬಂದಾಗ ಎದ್ದು ನಿಂತು ಬೆಂಬಲಿಸಿದರು, ಮಸೂದೆ ಗೆದ್ದಿತು. ಯಾಕೆ ಮನಸ್ಸು ಬದಲಾಯಿತು ಎಂಬುದಕ್ಕೆ ನಡಾವಳಿಯಲ್ಲಿ ಒಂದಕ್ಷರವಿಲ್ಲ. ಅಂಕಿಸಂಖ್ಯೆ ಮುಗಿಯುತ್ತಲೇ ‘ಆದ್ದರಿಂದ ಬೆಂಬಲಿಸುತ್ತೇನೆ’ ಎಂದಿದೆ, ಅಷ್ಟೆ. ಎದುರು ಪಕ್ಷದವರು ಅದನ್ನೇ ಹಿಡಿದುಕೊಂಡು ಅವರಿಗೆ ‘ಗಿರಗಿಟ್ಟಲೆ’ ಎಂದು ಹೆಸರಿಟ್ಟರು. ಆ ಹೆಸರು ಕೊನೆಯವರೆಗೂ ಬಿಡಲಿಲ್ಲ.

“ಸ್ಕೂಲಲ್ಲಿ ನನಗೂ ಅದೇ ಹೆಸರು. ಗಿರಗಿಟ್ಟಲೆ ಮಗಳು ಅಂತ ನನ್ನ ಹಿಡ್ಕೊಂಡು ತಿರುಗಿಸ್ತಿದ್ರು,” ಎಂದಳು ಮಗಳು. “ಯಾಕಪ್ಪಾ ಹಾಗೆ ಮಾಡಿದೆ ಅಂದ್ರೆ, ‘ಹೇಳಿದೀನಿ ಕಂದಾ, ಹೇಳಾಗಿದೆ’ ಅಂತಿದ್ರು. ಎಲ್ಲಿ ಹೇಳಿದಾರೆ? ಹುಡುಕಿ ಹುಡುಕಿ ಸಾಕಾಯ್ತು. ನಮ್ಮಪ್ಪ ನನ್ನ ಹತ್ರ ಸುಳ್ಳು ಹೇಳಿದ್ರು ಅಂತ ಒಪ್ಕೊಳ್ಳೋದು ಕಷ್ಟ ಅಕ್ಕ. ಅದಕ್ಕೇ ಬೇಡ.”

ಸುಳ್ಳಲ್ಲ ಎಂದು ಬಲ್ಲ ಜೀವ ಭೂಮಿಯ ಮೇಲೆ ಉಳಿದಿದ್ದರೆ ಅದು ಪೆನ್ಸಿಲಕ್ಕ ಒಬ್ಬಳೇ.

ಮಸೂದೆ ಎರಡನೇ ಸಲ ಬಂದ ದಿನ, ಊಟದ ನಂತರದ ಹೊತ್ತು, ಪತ್ರಕರ್ತರ ಸಾಲು ಖಾಲಿ, ಅರ್ಧ ಸದನ ತೂಕಡಿಸುತ್ತಿತ್ತು. ಅವಳಿಗೆ ಇಪ್ಪತ್ತೆರಡು ವರ್ಷ, ಕೆಲಸಕ್ಕೆ ಸೇರಿ ನಾಲ್ಕನೇ ತಿಂಗಳು, ಇನ್ನೂ ಕಾಯಂ ಆಗಿರಲಿಲ್ಲ. ಮಾತು ಕಿವಿಯಿಂದ ನೇರ ಕೈಗೆ ಇಳಿಯಬೇಕು, ನಡುವೆ ಮನಸ್ಸು ಬರಕೂಡದು ಎಂಬುದು ಆ ಕಸುಬಿನ ಮೊದಲ ಪಾಠ. ಯಾವ ಭಾಷಣಕ್ಕೂ ಬಾರದ ಮನಸ್ಸು ಅಂದು ಬಂದುಬಿಟ್ಟಿತು. ಅವಳಪ್ಪ ಮೂವತ್ತು ವರ್ಷ ಕ್ವಿಂಟಾಲ್ ಮೂಟೆ ಹೊತ್ತು, ಬಲಭುಜ ಕುಸಿದು, ತಲೆಯ ಮೇಲೆ ಕೈಯೆತ್ತಿ ಅಂಗಿ ತೊಡಲಾಗದೆ ಮನೆಯಲ್ಲಿ ಕೂತಿದ್ದ. ಸಾಹುಕಾರರು ಮನಸ್ಸು ಬದಲಾದ ಕಾರಣ ಹೇಳತೊಡಗಿದಾಗ ಅವಳು ಮೈಯೆಲ್ಲ ಕಿವಿಯಾಗಿ ಕೇಳಿದಳು. ಕೇಳುತ್ತ ಕೂತವಳ ಪೆನ್ಸಿಲು ನಿಂತೇಹೋಗಿತ್ತು. ಎಚ್ಚೆತ್ತಾಗ ಅವರು ‘ಆದ್ದರಿಂದ’ ಎನ್ನುತ್ತಿದ್ದರು.

ಮುಖ್ಯ ವರದಿಗಾರರಿಗೆ ಹದ್ದು ಎಂದು ಅಡ್ಡಹೆಸರು. ಒಂದು ವಾಕ್ಯ ಬಿಟ್ಟಿದ್ದಕ್ಕೆ ಅಂದೇ ಮಧ್ಯಾಹ್ನ ಪಕ್ಕದ ಮೇಜಿನವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಪೆನ್ಸಿಲಕ್ಕ ಬಾಯಿಗೆ ಬೀಗ ಹಾಕಿಕೊಂಡು ಇದ್ದಷ್ಟನ್ನೇ ಟೈಪು ಮಾಡಿದಳು. ಸಂಜೆ ಸಾಹುಕಾರರು ಎಂದಿನಂತೆ ಕರಡು ಓದಲು ಬಂದರು. ವರದಿಗಾರರು ಬಿಟ್ಟ ಮಾತನ್ನು ಶಾಸಕರು ಸೇರಿಸಬಹುದಿತ್ತು, ಆದರೆ ಅದಕ್ಕೆ ಹದ್ದಿನ ಸಹಿ ಬೇಕಿತ್ತು. ಅವರು ಬೆಂಚಿನ ಮೇಲೆ ಕೂತು ಏನೋ ಬರೆದರು. ಒಳಗಿನಿಂದ ಹದ್ದಿನ ಬೈಗುಳ ಕೇಳುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ತಲೆಯೆತ್ತಿ, “ಒಂದು ರಬ್ಬರ್ ಕೊಡಮ್ಮಾ,” ಎಂದರು. ಕೊಟ್ಟಳು. ಉಜ್ಜಿದರು, ಸಹಿ ಹಾಕಿದರು, ಹೋದರು. ಕಾಗುಣಿತ ತಿದ್ದಿರಬೇಕು, ಸದ್ಯ ಅವರ ಗಮನಕ್ಕೆ ಬರಲಿಲ್ಲ ಎಂದುಕೊಂಡು ಅವಳು ಉಸಿರುಬಿಟ್ಟಿದ್ದಳು.

“ಆ ಕರಡು ಇದೆಯಾ?” ಎಂದು ಕೇಳಿದಳು ಪೆನ್ಸಿಲಕ್ಕ. “ಸಹಿ ಹಾಕಿದ್ದು?”

“ಅಚ್ಚಾದ್ಮೇಲೆ ಸಹಿ ಹಾಕಿದ ಕರಡನ್ನ ಇಸ್ಕೊಂಡು ಇಟ್ಕೋತಿದ್ರಲ್ಲ, ಇದರಲ್ಲೇ ಇರ್ಬೇಕು.”

ಕಟ್ಟು ಬಿಚ್ಚಿ ಮಗಳು ಹಳದಿಗಟ್ಟಿದ ಹಾಳೆ ತೆಗೆದುಕೊಟ್ಟಳು. ಪೆನ್ಸಿಲಕ್ಕ ಕಿಟಕಿಯ ಹತ್ತಿರ ಹೋಗಿ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಸಾಹುಕಾರರದು ಮೂಟೆಯ ಮೇಲೆ ಗುರುತು ಹಾಕಿ ಅಭ್ಯಾಸವಾದ ಕೈ, ಒತ್ತಿ ಬರೆಯುತ್ತಿತ್ತು. ಪೆನ್ಸಿಲಿನ ಕಪ್ಪು ಹೋಗಿದ್ದರೂ ಕಾಗದದಲ್ಲಿ ಅಕ್ಷರದ ತಗ್ಗು ಉಳಿದಿತ್ತು. ಅಂಚಿನ ಉದ್ದಕ್ಕೂ ನಾಲ್ಕು ಸಾಲು. ನಡುವೆ ‘ಹದಿನಾಲ್ಕು ಹೆಜ್ಜೆ’ ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು.

ಗೊತ್ತಾಗಿತ್ತು ಅವರಿಗೆ. ಪೂರ್ತಿ ಬರೆದು, ಒಳಗಿನ ಬೈಗುಳ ಕೇಳಿ, ಎದುರಿಗೆ ಬೆವರುತ್ತ ಕೂತ ಹುಡುಗಿಯನ್ನು ನೋಡಿ, ಅವಳ ರಬ್ಬರಿನಲ್ಲೇ ತಮ್ಮ ಮಾನ ಅಳಿಸಿಕೊಂಡಿದ್ದರು. ಆಮೇಲೆ ಎಷ್ಟು ವರ್ಷ ‘ಗಿರಗಿಟ್ಟಲೆ’ ಎನಿಸಿಕೊಂಡರೂ ಎಲ್ಲ ಹೊಟ್ಟೆಗೆ ಹಾಕಿಕೊಂಡರು. ಅವಳಪ್ಪ ಹಮಾಲನೆಂದು ಎಲ್ಲಿಂದಲೋ ತಿಳಿದುಕೊಂಡು, ಕಾರಿಡಾರಿನಲ್ಲಿ ಸಿಕ್ಕಾಗ “ಅಪ್ಪ ಹೇಗಿದಾರಮ್ಮಾ?” ಎಂದು ಮಾತ್ರ ಕೇಳುತ್ತಿದ್ದರು. ಪೆನ್ಸಿಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಅತ್ತು ಮುಗಿಸಿ ಎಲ್ಲವನ್ನೂ ಹೇಳಿದಳು. ಒಂದನ್ನೂ ಬಿಡಲಿಲ್ಲ.

ಮಗಳ ಮುಖ ಕೆಂಪಾಯಿತು. “ಇಷ್ಟು ವರ್ಷ! ಅವರಿದ್ದಾಗ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಕೆಲಸ ಕಾಯಂ ಆದ್ಮೇಲಾದ್ರೂ?”

“ಹೆದರಿಕೆ ಹೋದ್ಮೇಲೆ ನಾಚಿಕೆ ಬಂತಮ್ಮಾ. ನಾಚಿಕೆ ಹೋಗಲೇ ಇಲ್ಲ.”

ಮಗಳು ಎದ್ದು ಬಾಗಿಲವರೆಗೆ ಹೋದಳು. ಹೋಗೇಬಿಟ್ಟಳು ಎಂದುಕೊಂಡಳು ಪೆನ್ಸಿಲಕ್ಕ. ಹೋದರೆ ನ್ಯಾಯವೇ ಎನಿಸಿತು. ಮಗಳು ಹೊಸಿಲಿನಿಂದ ಹಿಂತಿರುಗಿ ಬಂದು ಕೂತಳು. ಚೀಲದಿಂದ ನೋಟ್‌ಬುಕ್ ತೆಗೆದಳು. ಮೇಜಿನ ಮೇಲಿದ್ದ ಪೆನ್ಸಿಲೊಂದನ್ನು ಎತ್ತಿಕೊಂಡಳು.

“ಅಳಿಸಿದ್ದು ಪೂರ್ತಿ ಕಾಣ್ತಿಲ್ಲ. ನಿಮಗೆ ನೆನಪಿದೆಯಾ?”

“ಮರೆಯೋಕೆ ಆಗಿದ್ರೆ ತಾನೇ?”

“ಹೇಳಿ. ಬರ್ಕೋತೀನಿ. ನೀವು ಹೇಳಿದ್ದು ಅಂತಾನೇ ಹಾಕ್ತೀನಿ, ಹೆಸರು ಸಮೇತ.”

“ಹಾಕಮ್ಮ.”

ಪೆನ್ಸಿಲಕ್ಕ ಎದ್ದು ನಿಂತಳು. ಕೂತು ಆಡುವ ಮಾತಲ್ಲ ಅದು. ಸಾಹುಕಾರರು ನಿಲ್ಲಿಸುತ್ತಿದ್ದಲ್ಲಿ ನಿಲ್ಲಿಸಿ, ಅವರ ಗತ್ತಿನಲ್ಲೇ ಹೇಳಿದಳು:

“ಮಾನ್ಯ ಸಭಾಧ್ಯಕ್ಷರೇ, ಮೂರು ವರ್ಷದ ಹಿಂದೆ ಇದನ್ನು ವಿರೋಧಿಸಿದವನು ನಾನೇ. ಅಂದು ನನಗೆ ಮೂಟೆಯ ಬೆಲೆ ಗೊತ್ತಿತ್ತು, ಭಾರ ಗೊತ್ತಿರಲಿಲ್ಲ. ಮೊನ್ನೆ ನನ್ನ ಮಂಡಿಯಲ್ಲೇ ಒಂದು ಮೂಟೆ ಬೆನ್ನಿಗೇರಿಸಿಕೊಂಡೆ. ಹದಿನಾಲ್ಕು ಹೆಜ್ಜೆಗೆ ಕುಸಿದು ಕೂತೆ. ಮೂಟೆ ಇಳಿಸಿ ನನ್ನನ್ನು ಎಬ್ಬಿಸಿದವನಿಗೆ ಒಂದು ಭುಜವೇ ಇರಲಿಲ್ಲ. ಅದನ್ನು ನನ್ನ ಮಂಡಿ ತಿಂದಿತ್ತು. ತಪ್ಪು ನನ್ನದು. ಅದನ್ನು ಈ ಸದನ ಬರೆದಿಟ್ಟುಕೊಳ್ಳಲಿ.”

ಹೇಳಿ ಮುಗಿಸಿ ಕೆಳಗೆ ನೋಡಿದಳು. ನೋಟ್‌ಬುಕ್ಕಿನಲ್ಲಿ ‘ಮಾನ್ಯ ಸಭಾಧ್ಯಕ್ಷರೇ’ ಎಂದಷ್ಟೇ ಇತ್ತು. ಮಗಳು ಪೆನ್ಸಿಲು ಹಿಡಿದ ಕೈಯನ್ನು ಹಾಳೆಯ ಮೇಲೆ ಹಾಗೇ ಬಿಟ್ಟು, ಒದ್ದೆ ಕಣ್ಣಿನಿಂದ ಅವಳನ್ನೇ ನೋಡುತ್ತಿದ್ದಳು.

“ಪರವಾಗಿಲ್ಲಮ್ಮಾ,” ಎಂದಳು ಪೆನ್ಸಿಲಕ್ಕ. “ಇನ್ನೊಂದ್ಸಲ ಹೇಳ್ತೀನಿ. ಬರ್ಕೋ.”