ಗದ್ದೆಮ್ಮನ ಹೂಂ

ಬೆಳೆಗೆ ಔಷಧಿ ಹೊಡೆಯುವ ಪಂಪು ಮಾರುವ ಸಿಂಧನೂರಿನ ಕಂಪನಿಯೊಂದಕ್ಕೆ ಸುರೇಖಾ ಬಳಗಾನೂರಿನ ತನ್ನ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ರೈತರು ಫೋನು ಹಚ್ಚಿದರೆ ಪಂಪು ಜೋಡಿಸುವುದು, ತೊಳೆಯುವುದು ಹೇಗೆಂದು ತಿಳಿಸಿ ಹೇಳಬೇಕು. ಪಕ್ಕದಲ್ಲೇ ಎದೆಹಾಲಿನ ಕೂಸಿನ ತೊಟ್ಟಿಲು. ತೂಗಲು ಅಜ್ಜಿ ಗದ್ದೆಮ್ಮ.

ಗದ್ದೆಮ್ಮ ಓಣಿಗೆಲ್ಲ ಕಥೆ ಹೇಳಿದವಳು. ಒಬ್ಬರು ಹೇಳುತ್ತಿದ್ದರೆ ಇನ್ನೊಬ್ಬರು ಹೂಂಗುಟ್ಟಲೇಬೇಕು, ಇಲ್ಲದಿದ್ದರೆ ಕಥೆ ನಡುದಾರಿಯಲ್ಲೇ ಕೂತುಬಿಡುತ್ತದೆ ಎಂಬುದು ಅವಳ ಕಾನೂನು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಮೊಮ್ಮಗಳು ಒಬ್ಬಳೇ ಹೇಳುತ್ತಿರುವುದನ್ನು ನೋಡಲಾರದೆ, ಮಾತುಮಾತಿಗೂ "ಹೂಂ" ಅನ್ನುತ್ತಿದ್ದಳು.

ಆ ಹೂಂ ಫೋನಿನ ರೆಕಾರ್ಡಿಂಗಿನಲ್ಲಿ ಬಿದ್ದು ಆಫೀಸಿನ ಮಮತಾ ಮೇಡಂ ಕಿವಿ ಮುಟ್ಟಿತು.

"ಮನ್ಯಾಗ ಕೆಲಸ ಮಾಡಾಕತ್ತೀಯೋ, ಮಂದಿ ಕೂಡಿಸಿ ಹರಟಿ ಹೊಡ್ಯಾಕತ್ತೀಯೋ? ಇವತ್ತು ನಾನೂ ಲೈನಿನ್ಯಾಗ ಕುಂತು ಕೇಳ್ತೀನಿ. ಸರಿ ಬರಲಿಲ್ಲಂದ್ರ ಸೋಮವಾರದಿಂದ ಆಫೀಸಿಗೆ ಬಾ."

ಆಫೀಸೆಂದರೆ ಇಡೀ ದಿನ. ಹಾಲು ಕುಡಿಯುವ ಕೂಸನ್ನು ಬಿಟ್ಟು ಹೋಗುವುದೆಲ್ಲಿ? ಕೆಲಸವನ್ನೇ ಬಿಡಬೇಕಾದೀತು.

"ಅಜ್ಜೀ, ಕೈ ಮುಗೀತೀನಿ, ಇವತ್ತೊಂದಿನ ಸುಮ್ನಿರು."

"ನಾ ಎಲ್ಲಿ ಮಾತಾಡೀನಬೇ? ಬರೇ ಹೂಂ ಅಂದೀನಿ," ಎಂದು ಗೊಣಗಿ ಗದ್ದೆಮ್ಮ ಬಾಯಿಗೆ ಸೆರಗು ತುರುಕಿಕೊಂಡಳು.

ಪಾಮನಕಲ್ಲೂರಿನ ಮಾನಪ್ಪನ ಫೋನು ಬಂತು. ನಿನ್ನೆ ಪಂಪು ಜೋಡಿಸುವುದನ್ನು ಕೇಳಿಕೊಂಡಿದ್ದವನು. ಇವತ್ತು ಅದರಿಂದ ನೀರೇ ಬರುತ್ತಿಲ್ಲ. ಸುರೇಖಾ ಶುರು ಮಾಡಿದಳು. ಹೂಂ ಇಲ್ಲದ ಮೌನದಲ್ಲಿ ಅವಳ ಮಾತು ಇಳಿಜಾರಿಗೆ ಬಿದ್ದ ಬಂಡಿಯಂತೆ ಓಡಿತು. ಪೈಪು, ವಾಷರು, ಜಾಲರಿ, ಎಲ್ಲ ಒಂದೇ ಉಸಿರಿನಲ್ಲಿ.

"ತಡೀ ತಂಗೀ," ಎಂದ ಮಾನಪ್ಪ. "ನಿನ್ನಿ ಅಲ್ಲೊಬ್ಬಾಕಿ ಮುದುಕಿ ಹೂಂ ಅಂತಿದ್ಲಲ್ಲ, ಎಲ್ಲಿ ಹೋಗ್ಯಾಳ? ಆಕಿ ಹೂಂ ಅಂದಂಗ ನಾ ಒಂದೊಂದ ಜೋಡಿಸ್ತಿದ್ದೆ. ಈಗ ಎಲ್ಲಾ ಕಲಸಿ ಹೋತು ನೋಡು."

ಸುರೇಖಾ ಅಜ್ಜಿಯ ಕಡೆ ತಿರುಗಿದಳು. ಮೇಡಂ ಕೇಳುತ್ತಿದ್ದಾರೆ. ಆದರೆ ಆ ಮನುಷ್ಯ ಬಿಸಿಲಿನಲ್ಲಿ ಪಂಪು ಮುಂದಿಟ್ಟುಕೊಂಡು ಕೂತಿದ್ದಾನಲ್ಲ! ಕೈಚಾಚಿ ಅಜ್ಜಿಯ ಬಾಯಿಂದ ಸೆರಗು ಎಳೆದಳು.

"ಮೊದಲು ಪೈಪಿನ ತುದಿ ಬಿಚ್ಚ್ರಿ."

"ಹೂಂ."

"ಒಳಗಿನ ಜಾಲರಿ ತೆಗದು ತೊಳೀರಿ."

"ಹೂಂ."

ಸ್ವಲ್ಪ ಹೊತ್ತಿಗೆ ಆ ಕಡೆ ಚರ್ರೆಂದು ನೀರು ಹಾರಿತು. "ಬಂತವ್ವಾ! ನನ್ನ ಮಾರಿಗೇ ಹೊಡೀತು!"

ಅವನು ಫೋನಿಡುತ್ತಲೇ ಮೊಬೈಲಿನಲ್ಲಿ ಮಮತಾ ಮೇಡಂ.

"ತಪ್ಪಾತ್ರೀ ಮೇಡಂ..."

"ಸೋಮವಾರ ಬರೂದು ಬ್ಯಾಡ. ಇಲ್ಲಿ ಕುಂತವ್ರಿಗೆ ಇಷ್ಟು ಹೇಳಾಕ ಅರ್ಧ ದಿನ ಬೇಕು. ನೀ ಅಲ್ಲೇ ಇರು. ಅಜ್ಜಿಗೆ ಫೋನ್ ಕೊಡು."

ಬಯ್ಯುತ್ತಾರೇನೋ ಎಂದು ಅಂಜುತ್ತಲೇ ಕೊಟ್ಟಳು. ಗದ್ದೆಮ್ಮ ತೊಟ್ಟಿಲು ತೂಗುತ್ತ ಕೇಳಿದಳು. "ಹೂಂ... ಹೂಂ... ಆಮ್ಯಾಲ ನಿಮ್ಮತ್ತಿ ಏನಂದ್ಲವ್ವಾ?"

ಮೇಡಂ ಮನೆಯ ಕಥೆ ಮುಗಿಯುವಂತೆ ಕಾಣಲಿಲ್ಲ. ಇತ್ತ ಇನ್ನೊಬ್ಬ ರೈತನ ಫೋನು ಬಂತು. ಸುರೇಖಾ ಹೆಡ್‌ಫೋನು ಏರಿಸಿಕೊಂಡಳು. ಹೇಳುವವಳೂ ತಾನೇ, ಹೂಂ ಅನ್ನುವವಳೂ ತಾನೇ ಆಗಿ ಕೆಲಸಕ್ಕೆ ಕೂತಳು.