ಸುಟ್ಟುಹೋದ ಮಂದ್ರದ ಪುಸ್ತಕ

ಪ್ಲೇಗಿನಿಂದ ಕಾಯುವ ಸಂತ ರೋಕನ ಹಬ್ಬಕ್ಕೆ ಇನ್ನು ಹನ್ನೊಂದು ದಿನ ಉಳಿದಿತ್ತು. ಬೆಳಗಿನ ಹಾಲು ಕರೆದು, ಕುರಿಗಳನ್ನು ಮೇಲಿನ ಹುಲ್ಲಿಗೆ ಬಿಟ್ಟು, ವೆಂತುರೀನೋ ಹೆಗಲಚೀಲದಲ್ಲಿ ಸ್ವರ ಬರೆಯಲು ಗೆರೆ ಎಳೆದ ಕಾಗದವನ್ನೂ ಮಸಿಯ ಕೊಂಬನ್ನೂ ಇಟ್ಟುಕೊಂಡು ಗಿರಣಿಯ ದಾರಿ ಹಿಡಿದ. ಆ ದಾರಿ ತುಳಿದು ವರ್ಷವಾಗಿತ್ತು. ಸತ್ತವನ ಮನೆಗೆ ಕೈಬೀಸಿಕೊಂಡು ಹೋಗಬಾರದೆಂದು ಒಂದು ಉಂಡೆ ಕುರಿಗಿಣ್ಣನ್ನೂ ಕಟ್ಟಿಕೊಂಡಿದ್ದ.

ಹಿಂದಿನ ವರ್ಷದ ಪ್ಲೇಗಿನಲ್ಲಿ ಊರಿನ ನಲವತ್ತಮೂರು ಜನ ಹೋಗಿದ್ದರು. ವೆಂತುರೀನೋನ ಮಗಳು ಬೆನ್ವೆನೂತಾಳ ಕಂಕುಳಲ್ಲೂ ಗಡ್ಡೆ ಎದ್ದಿತ್ತು. ಅವತ್ತು ಅವನು ಗುಡಿಯ ಬಾಗಿಲಲ್ಲಿ ಮಂಡಿಯೂರಿ, ಇವಳು ಉಳಿದರೆ ಮುಂದಿನ ಸಂತ ರೋಕನ ಹಬ್ಬಕ್ಕೆ, ತೀರಿಹೋದ ಸನ್ಯಾಸಿ ಫ್ರಾ ಇಲಾರಿಯೋ ಕಟ್ಟಿದ ನಾಲ್ಕು ದನಿಯ ಪೂಜೆಯ ಹಾಡನ್ನು ಮೊದಲಿಂದ ಕಡೆಯವರೆಗೆ ಹಾಡಿಸುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹರಕೆ ಹೊತ್ತ. ಮಗಳು ಉಳಿದಳು. ಅದೇ ವಾರ ಗಿರಣಿಯ ಫೌಸ್ತೀನೋ ಸತ್ತ.

ಫೌಸ್ತೀನೋನದು ಮಂದ್ರದ ದನಿ, ನಾಲ್ಕರಲ್ಲಿ ಎಲ್ಲಕ್ಕಿಂತ ತಗ್ಗಿನದು; ವೆಂತುರೀನೋ ಹಾಡುತ್ತಿದ್ದದ್ದು ಅದರ ಮೇಲಿನ ದನಿ. ಪೂಜೆಯ ಒಂದೊಂದು ದನಿಗೂ ಒಂದೊಂದು ಪುಸ್ತಕ. ಹಾಡುವವನ ಪುಸ್ತಕ ಅವನ ಮನೆಯಲ್ಲೇ ಇರುತ್ತಿತ್ತು, ಒಬ್ಬನದನ್ನು ಇನ್ನೊಬ್ಬ ತೆರೆದು ನೋಡಿದ್ದೇ ಇಲ್ಲ. ಪಟ್ಟಣದಿಂದ ಬಂದ ಆರೋಗ್ಯದ ಕಾವಲಿನವರು ಫೌಸ್ತೀನೋನ ಹಾಸಿಗೆ, ಅಂಗಿ, ಮರದ ಚಮಚ ಎಲ್ಲವನ್ನೂ ಹೊಳೆದಂಡೆಯಲ್ಲಿ ಸುಟ್ಟಾಗ ಪುಸ್ತಕವೂ ಬೂದಿಯಾಯಿತು. ಫ್ರಾ ಇಲಾರಿಯೋ ಬದುಕಿದ್ದಿದ್ದರೂ ಪ್ರಯೋಜನವಿರಲಿಲ್ಲ. ಆತ ನಾಲ್ಕು ದನಿಯನ್ನೂ ಕಪ್ಪು ಕಲ್ಲಿನ ಹಲಗೆಯ ಮೇಲೆ ಒಟ್ಟಿಗೆ ಕಟ್ಟಿ, ಒಂದೊಂದನ್ನೂ ಅದರದರ ಪುಸ್ತಕಕ್ಕೆ ಇಳಿಸಿದ ಮೇಲೆ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದ. ಹಾಗೆ ಒರೆಸಿ ಹದಿಮೂರು ವರ್ಷವಾಗಿತ್ತು.

ಕೇಳಿದರೆ ಗುರುತು ಸಿಗುತ್ತಿತ್ತೇ ಹೊರತು ನೆನೆದು ಬರೆಯಲು ಬಾರದೆ, ವೆಂತುರೀನೋ ತಾನೇ ಒಂದು ಮಂದ್ರವನ್ನು ಕಟ್ಟಲು ನೋಡಿದ್ದ. ಅವರ ಜೊತೆ ಮೇಲಿನ ದನಿ ಹಾಡುವ, ರೊಟ್ಟಿ ಸುಡುವ ಗಾಸ್ಪಾರೆ ಕೇಳಿ, "ಕುಂಟು ಕತ್ತೆ ಮೆಟ್ಲು ಇಳೀತಾ ಇದೆ ಕಣೋ! ಇದನ್ನ ಕೇಳಿದ್ರೆ ಸಂತ ರೋಕ ಪ್ಲೇಗನ್ನ ವಾಪಸ್ ಕಳಿಸ್ತಾನೆ," ಎಂದು ನಕ್ಕಿದ್ದ. ಆಮೇಲೆ ಅವನೇ ಹೇಳಿದ್ದ: "ತಾದೆಯಾನ ಕೇಳು. ಹನ್ನೆರಡು ವರ್ಷ ಆ ದನಿ ಪಕ್ಕದಲ್ಲೇ ಬಾಳಿದ್ದಾಳೆ."

ತಾದೆಯಾ ಫೌಸ್ತೀನೋನ ಹೆಂಡತಿ. ಈಗ ಒಬ್ಬಳೇ ಗಿರಣಿ ನಡೆಸುತ್ತಿದ್ದಳು. ವೆಂತುರೀನೋ ಬಾಗಿಲಿಗೆ ಬಂದಾಗ ಅವಳು ಬೀಸುಗಲ್ಲಿನ ಬಾಯಿಗೆ ನವಣೆ ಸುರಿಯುತ್ತ ಗುನುಗುತ್ತಿದ್ದಳು. ನೀರಿನ ಚಕ್ರದ ಸದ್ದಿನ ಕೆಳಗೆ, ಗಂಡಸಿನಷ್ಟೇ ತಗ್ಗಿನಲ್ಲಿ. ಅವನು ಹೊಸ್ತಿಲಲ್ಲೇ ನಿಂತು ಕೇಳಿದ. ತನ್ನ ದನಿಯ ಕೆಳಗೆ ಹನ್ನೆರಡು ವರ್ಷ ನಿಂತಿದ್ದ ನೆಲ ಅದು.

"ಏನಣ್ಣ, ದಾರಿ ತಪ್ಪಿತಾ?" ಎಂದಳು. "ವರ್ಷ ಆಯ್ತು. ಮಣ್ಣಿಗೂ ಬರಲಿಲ್ಲ."

"ಯಾರನ್ನ ಬಿಟ್ರಮ್ಮ ಮಣ್ಣಿಗೆ? ಕಾವಲಿನವರು ಕೋಲು ಹಿಡಿದು ನಿಂತಿದ್ರು."

"ಅದೂ ನಿಜ." ಗಿಣ್ಣಿನ ಉಂಡೆಯನ್ನು ಮೂಸಿ ನೋಡಿ ಒಳಗಿಟ್ಟಳು. "ಕೆಲಸ ಇಲ್ಲದೆ ಗಿಣ್ಣು ತರೋನಲ್ಲ ನೀನು. ಹೇಳು."

ಅವನು ಹೇಳಿದ. ಆದರೆ ಪೂರ್ತಿ ಹೇಳಲಿಲ್ಲ. ಫೌಸ್ತೀನೋ ಗುನುಗುತ್ತಿದ್ದುದನ್ನೆಲ್ಲ ಒಮ್ಮೆ ಹಾಡಿ ತೋರಿಸು, ಅವನ ನೆನಪಿಗೆ ಬರೆದಿಟ್ಟುಕೊಳ್ಳುತ್ತೇನೆ ಎಂದ. ಪೂಜೆಯ ಮಾತನ್ನು ಎತ್ತಲಿಲ್ಲ. ಅದಕ್ಕೆ ಕಾರಣವಿತ್ತು. ಆ ಪೂಜೆಯನ್ನು ಫ್ರಾ ಇಲಾರಿಯೋ ಕಟ್ಟಿದ್ದು ಒಂದು ಪ್ರೇಮದ ಹಾಡಿನ ಮೇಲೆ. ಚಳಿಗಾಲದಲ್ಲಿ ಇದೇ ಗಿರಣಿಯ ಒಲೆಯ ಸುತ್ತ ಕೂತು ಆ ನಾಲ್ವರು ಹಾಡುತ್ತಿದ್ದ ಹಾಡು. ಬೀದಿಯ ಹಾಡನ್ನು ಗುಡಿಯೊಳಗೆ ತರಕೂಡದೆಂದು ಈಗ ಬಿಷಪ್ಪರ ಅಪ್ಪಣೆಯಾಗಿತ್ತು. "ಹೊಸಬರು ಯಾರಿಗೂ ಅದರ ಮೂಲ ಗೊತ್ತಾಗಬಾರದು ಕಣಯ್ಯಾ. ಮುಖ್ಯವಾಗಿ ಹೆಂಗಸರಿಗೆ," ಎಂದು ಪಾದ್ರಿ ದೋನ್ ಎರ್ಕೋಲೆ ಎಚ್ಚರಿಸಿದ್ದರು.

ತಾದೆಯಾ ಚಕ್ರಕ್ಕೆ ಬೀಳುವ ನೀರನ್ನು ತಡೆದಳು. ಕಲ್ಲು ನಿಂತಿತು. ಹಿಟ್ಟಿನ ಮೂಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ಹಾಡತೊಡಗಿದಳು.

*ಹೊಳೆ ದಾಟಿ ಬಾರೆ, ಕಪ್ಪು ಕಣ್ಣವಳೆ...*

ಆ ಪ್ರೇಮದ ಹಾಡಿನ ಎರಡೇ ಸಾಲು, ಸುತ್ತಿ ಸುತ್ತಿ. ಆದರೆ ಸ್ವರಗಳು ಆ ಹಾಡಿನವಲ್ಲ. ಪೂಜೆಯ ಮಂದ್ರವೇ, ಒಂದು ಎಳೆಯೂ ತಪ್ಪದೆ. ಫೌಸ್ತೀನೋನಿಗೆ ಲ್ಯಾಟಿನ್ ಬಾಯಿಗೆ ಹತ್ತುತ್ತಿರಲಿಲ್ಲ. ಮನೆಯಲ್ಲಿ ಪ್ರೇಮದ ಹಾಡಿನ ಮಾತನ್ನೇ ಇಟ್ಟುಕೊಂಡು ಸ್ವರ ಗಟ್ಟಿ ಮಾಡು, ಭಾನುವಾರ ಲ್ಯಾಟಿನ್ ಹೊದಿಸೋಣ ಎಂದು ಫ್ರಾ ಇಲಾರಿಯೋನೇ ಹೇಳಿಕೊಟ್ಟಿದ್ದ.

ವೆಂತುರೀನೋ ಬರೆದ. ಮೂರು ಬೆಳಗು ಬಂದು ಬರೆದ. ನಡುನಡುವೆ ಅವಳು ನಿಲ್ಲಿಸಿ ಮಾತಾಡುವಳು.

"ನಿಂಗೆ ಗೊತ್ತಲ್ಲ, ಮಾತಿನ ಮನುಷ್ಯ ಅಲ್ಲ ಅವನು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ 'ಅಡುಗೆ ಚೆನ್ನಾಗಿದೆ' ಅಂತ ಒಂದಿನ ಅಂದಿಲ್ಲ. ಮಕ್ಕಳಿಲ್ಲ ಅಂತ ಬೈದೂ ಇಲ್ಲ. ಕಾಳು ಹಾಕೋವಾಗ ಮಾತ್ರ ನನ್ನ ಕಡೆ ನೋಡ್ತಾ ಇದನ್ನ ಹಾಡೋನು. ದಿನಾ." ಸ್ವಲ್ಪ ನಕ್ಕಳು. "ನಂದು ಬೆಕ್ಕಿನ ಕಣ್ಣು, ನೋಡು. ಕಪ್ಪಲ್ಲ. ಆದ್ರೆ ಗಿರಣಿ ಕತ್ತಲಲ್ಲಿ ಯಾರ ಕಣ್ಣು ಕಪ್ಪಲ್ಲ ಹೇಳು!"

ವೆಂತುರೀನೋ ಕಾಗದದ ಮೇಲೆ ಬಗ್ಗಿಕೊಂಡೇ ಹೂಂಗುಟ್ಟಿದ.

"ಗುಡೀಲಿ ಅವನ ದನಿ ನಂಗೆ ಸಿಗ್ತಾನೇ ಇರಲಿಲ್ಲ ಅಣ್ಣ. ನೀವು ನಾಲ್ಕು ಜನ ಒಟ್ಟಿಗೆ ಬಾಯಿ ತೆಗೆದ್ರೆ, ನಾವು ಹೆಂಗಸರು ಹಿಂದೆ ನಿಂತವರಿಗೆ ಗಾಸ್ಪಾರೆ ಕಿರುಚಾಟ ಒಂದೇ ಕೇಳೋದು. ಅಲ್ಲಿ ದೇವರಿಗೆ ಹಾಡ್ಲಿ, ಇಲ್ಲಿ ನಂಗೆ ಹಾಡ್ತಾನಲ್ಲ ಅಂತ ಸುಮ್ನಿದ್ದೆ."

ನಾಲ್ಕನೆಯ ಬೆಳಗು ಉಳಿದದ್ದು ಕಡೆಯ ಭಾಗ ಮಾತ್ರ: ದೇವರ ಕುರಿಮರಿಯೇ, ನಮಗೆ ಶಾಂತಿ ಕೊಡು ಎಂಬ ಪ್ರಾರ್ಥನೆ. ಈವರೆಗೆ ಬರೆದದ್ದು ಕೂಡುತ್ತದೋ ಇಲ್ಲವೋ ನೋಡಲು ವೆಂತುರೀನೋ ಮೊದಲ ಹಾಳೆ ತೆಗೆದ. ಸ್ವರದ ಕೆಳಗೆ ಮಾತು ಕೂರಿಸುವುದು ನಲವತ್ತು ವರ್ಷದ ಅಭ್ಯಾಸ. ಅವನಿಗೆ ಅರಿವಿಲ್ಲದೆಯೇ ಬಾಯಿ ಹಾಡಿತು.

"ಕೀರಿಯೆ ಎಲೇಯ್‌ಸೊನ್..."

ತಾದೆಯಾ ನವಣೆಯ ಮೊರವನ್ನು ಕೆಳಗಿಟ್ಟಳು.

"ಇನ್ನೊಂದ್ಸಲ ಹೇಳು."

ಅವನು ಹಾಳೆ ಮಡಿಚಿದ.

"ಹೇಳಣ್ಣ. ಅದು ಪೂಜೇದಲ್ವಾ? ಪಾದ್ರಿ ದಿನಾ ಹೇಳೋದು."

ಸುಳ್ಳು ಹೇಳಬಹುದಿತ್ತು. ಅವಳಿಗೆ ಓದು ಬಾರದು. ಆದರೆ ಸುಳ್ಳು ಹೇಳಿ ತೀರಿಸಿದ ಹರಕೆ ಹರಕೆಯೇ ಅಲ್ಲ ಎಂಬ ಭಯ ಅವನ ಬೆನ್ನಹುರಿಯಲ್ಲಿತ್ತು. ಬೆನ್ವೆನೂತಾಳ ಕಂಕುಳಿನ ಗಾಯದ ಗುರುತು ಕಣ್ಣೆದುರು ಬಂತು.

"ಹೌದಮ್ಮ," ಎಂದ. "ಇದು ಪೂಜೆಯ ಮಂದ್ರ. ಲ್ಯಾಟಿನ್ ಬರ್ತಿರಲಿಲ್ಲ ಅಂತ ಆ ಮಾತಿಟ್ಟುಕೊಂಡು ಕಲೀತಿದ್ದ. ಪುಸ್ತಕ ಕಾಳಿನ ಡಬರಿ ಮೇಲೆ ಒರಗಿಸಿಟ್ಟಿರ್ತಿದ್ದ."

ಡಬರಿ ಇದ್ದದ್ದು ತಾದೆಯಾ ಕೂರುತ್ತಿದ್ದ ಮೂಟೆಯ ಪಕ್ಕದಲ್ಲೇ. ಅವಳು ತಿರುಗಿ ಅದನ್ನು ನೋಡಿದಳು.

"ಹಾಗಾದ್ರೆ ಪಾಠ ಒಪ್ಪಿಸ್ತಿದ್ದ," ಎಂದಳು. "ನನ್ನ ಕಡೆ ಅಲ್ಲ ನೋಡ್ತಿದ್ದದ್ದು."

"ಹಾಗಂತಲ್ಲ ತಾದೆಯಾ—"

"ಕಪ್ಪು ಕಣ್ಣು ಅಂದಾಗ್ಲೇ ಗೊತ್ತಾಗಬೇಕಿತ್ತು ನಂಗೆ. ಪೆದ್ದಿ."

"ಕಡೇದೊಂದು ಉಳಿದಿದೆಯಮ್ಮ. ಮಗಳ ಹರಕೆ. ಮೊದಲಿಂದ ಕಡೆಯವರೆಗೆ ಅಂತ ಬಾಯಿಬಿಟ್ಟು ಹೇಳಿದ್ದೀನಿ."

ಅವಳು ಎದ್ದು ನೀರಿನ ತಡೆ ಎತ್ತಿದಳು. ಚಕ್ರ ನರಳಿಕೊಂಡು ತಿರುಗಿತು, ಕಲ್ಲು ಗುಡುಗಿತು. ಆ ಸದ್ದಿನ ಮೇಲೆ ಕೂಗಿ ಹೇಳಿದಳು: "ಬರ್ತಿಲ್ಲ. ಬಾಯಿಗೇ ಬರ್ತಿಲ್ಲ. ಹೋಗಣ್ಣ."

ಅವನು ಇನ್ನೆರಡು ಬೆಳಗು ಬಂದ. ಅವಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು, ಹುಷಾರಾಗಿದ್ದೀಯಾ ಎಂದು ಕೇಳಿದಳು, ಕುಡಿಯಲು ನೀರು ಕೊಟ್ಟಳು. ಹಾಡಲಿಲ್ಲ.

ಹಬ್ಬದ ದಿನ ಗುಡಿ ತುಂಬಿತ್ತು. ಫೌಸ್ತೀನೋನ ಜಾಗದಲ್ಲಿ ಇದ್ದಿಲು ಸುಡುವ ಜೆನೋನೆ ನಿಂತಿದ್ದ. ದಪ್ಪ ಗಂಟಲು, ಬರೆದುಕೊಟ್ಟದ್ದನ್ನು ತಪ್ಪಿಲ್ಲದೆ ಹಾಡಿದ. ಕಡೆಯ ಭಾಗ ಬಂತು. ಜೆನೋನೆಯ ಪುಸ್ತಕದಲ್ಲಿ ಬರಿಯ ಗೆರೆಗಳಿದ್ದವು. ಮೂರು ದನಿಗಳು ಶುರುವಾದವು. ವೆಂತುರೀನೋನಿಗೆ ಕಾಲಕೆಳಗಿನ ಮಣ್ಣು ಜಾರುವಂತೆ ತೋರಿತು. ಕೆಳಗೆ ಹಿಡಿಯುವವರಿಲ್ಲದೆ ಅವನ ದನಿ ಎರಡು ಕಡೆ ನಡುಗಿತು. ಹಿಂದೆ ತಿರುಗಿ ನೋಡಿದ. ತಾದೆಯಾ ಕಂಬದ ಬಳಿ ಹೆಂಗಸರ ನಡುವೆ ನಿಂತಿದ್ದಳು. ತುಟಿ ಬಿಗಿದಿತ್ತು. ಶಾಂತಿ ಕೊಡು ಎಂಬ ಮಾತು ಮುಗಿಯುವ ಮೊದಲೇ ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಹೊರಗೆ ಹೋದಳು.

"ಮಂದ್ರ ಇಲ್ಲದ್ದು ಯಾರಿಗೂ ಗೊತ್ತಾಗ್ಲಿಲ್ಲ ಬಿಡಯ್ಯಾ," ಎಂದರು ದೋನ್ ಎರ್ಕೋಲೆ, ಮೇಲಂಗಿ ಬಿಚ್ಚುತ್ತ.

"ಹರಕೆ ಕೇಳಿಸಿಕೊಂಡವನಿಗೆ ಗೊತ್ತಾಗಿರುತ್ತೆ ಗುರುಗಳೇ," ಎಂದ ವೆಂತುರೀನೋ.

ಆ ಶರತ್ಕಾಲವೆಲ್ಲ ಅವನು ಮಗಳು ಕೆಮ್ಮಿದರೆ ಎದ್ದು ಕೂರುತ್ತಿದ್ದ. ಬೆನ್ವೆನೂತಾ ಗಟ್ಟಿಯಾಗಿಯೇ ಇದ್ದಳು, "ನಾನು ಸಾಯೋದನ್ನ ಕಾಯ್ತಿದ್ದೀಯೇನಪ್ಪಾ?" ಎಂದು ರೇಗುತ್ತಿದ್ದಳು. ನವೆಂಬರಿನಲ್ಲಿ ಒಣಗಿದ ಚೆಸ್ಟ್‌ನಟ್ ಕಾಯಿ ಬೀಸಿಸಿಕೊಂಡು ಬರಲು ಅವಳೇ ಹೋಗುವವಳಿದ್ದಳು. ಅವನು ಬೇಡವೆಂದು ತಾನೇ ಮೂಟೆ ಹೊತ್ತು ಗಿರಣಿಗೆ ಇಳಿದ. ಒಳಗೆ ಹೋಗುವ ಮೊದಲು ಬಾಗಿಲ ಹೊರಗೆ ನಿಂತು ಕಿವಿಗೊಟ್ಟ. ನೀರು ಬೀಳುತ್ತಿತ್ತು. ಕಲ್ಲು ತಿರುಗುತ್ತಿತ್ತು. ಮೂಟೆಯ ಭಾರಕ್ಕೆ ಹೆಗಲು ಸೋಲುವವರೆಗೂ ನಿಂತ. ಅವೆರಡರ ಕೆಳಗೆ ಯಾವ ಗುನುಗೂ ಇರಲಿಲ್ಲ.