ಕರಿಬಸಮ್ಮನ ಐದು ನಿಮಿಷ

ಸೊಸೆಗೆ ಇದ್ದಕ್ಕಿದ್ದಂತೆ ತನ್ನ ಮಂಡಿಯ ಮೇಲೆ ಇಷ್ಟೊಂದು ಕಾಳಜಿ ಬಂದದ್ದು ಕರಿಬಸಮ್ಮನಿಗೆ ಸರಿ ಕಾಣಲಿಲ್ಲ.

ಮಂಡಿನೋವು ಹೊಸದೇನಲ್ಲ, ನಾಲ್ಕು ವರ್ಷದ್ದು. ಬಟವಾಡಿಯ ಬಾಡಿಗೆ ಮನೆ ಇದ್ದದ್ದು ಮೊದಲನೇ ಮಹಡಿಯಲ್ಲಿ. ಹತ್ತೊಂಬತ್ತು ಮೆಟ್ಟಿಲು ಇಳಿದು ಹತ್ತುವ ತಾಪತ್ರಯ ಬೇಡವೆಂದು ಅವಳು ಕೆಳಗೆ ಹೋಗುವುದನ್ನೇ ಬಿಟ್ಟಿದ್ದಳು. ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದ ಸೊಸೆ ಅನುಪಮಾ ಇಷ್ಟು ದಿನ ಒಂದು ಮುಲಾಮಿನ ಟ್ಯೂಬು ತಂದುಕೊಟ್ಟು ಸುಮ್ಮನಾಗುತ್ತಿದ್ದಳು. ಈಗ ಸಂಕ್ರಾಂತಿ ಕಳೆದ ವಾರವೇ ಒಂದು ಗಟ್ಟಿ ಕುರ್ಚಿ ಎಳೆದು ತಂದು ಗೋಡೆಗೆ ಒತ್ತಿ ಇಟ್ಟಳು.

“ಅತ್ತೆ, ಕೈ ಊರದೆ ಕೂತು ಏಳಿ. ಐದೇ ಸಲ. ಆಮೇಲೆ ಅಡುಗೆಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು, ಹತ್ತು ಸಲ. ಕೊನೇಲಿ ಕೂತ್ಕೊಂಡು ಒಂದೊಂದೇ ಕಾಲು ಮುಂದಕ್ಕೆ ಚಾಚೋದು. ಐದು ನಿಮಿಷದ ಕೆಲಸ.”

“ಈ ವಯಸ್ಸಲ್ಲಿ ನಂಗ್ಯಾಕೆ ಡ್ರಿಲ್ಲು?”

“ಡಾಕ್ಟ್ರೇ ಹೇಳಿದ್ರಲ್ಲ, ತೊಡೆಗೆ ಬಲ ಬಂದ್ರೆ ಮಂಡಿ ಮೇಲಿನ ಭಾರ ಕಮ್ಮಿ ಆಗುತ್ತೆ ಅಂತ. ಲಿಂಗಪೂಜೆ ಮುಗಿಸಿ ಕಾಫಿ ಕುಡಿಯೋಕೆ ಬರ್ತೀರಲ್ಲ, ಅದಕ್ಕೆ ಮೊದಲು ಮಾಡ್ಬಿಡಿ. ಬೇರೆ ಟೈಮ್ ಇಟ್ಕೊಂಡ್ರೆ ಮರೆತುಹೋಗುತ್ತೆ.”

ಮೊದಲ ದಿನ ಕೈ ಊರದೆ ಎರಡು ಸಲ ಎದ್ದಳು, ಮೂರನೆಯದು ಆಗಲಿಲ್ಲ. “ಸಾಕು, ನಾಳೆ ನೋಡೋಣ” ಎಂದು ಅನುಪಮಾ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಪೆನ್ನಿನಲ್ಲಿ ಗುರುತು ಹಾಕಿದಳು. ಮರುದಿನವೂ ಹಾಕಿದಳು. ಕರಿಬಸಮ್ಮನಿಗೆ ಆ ಗುರುತುಗಳನ್ನು ಕಂಡರೆ ಮೈ ಉರಿಯುತ್ತಿತ್ತು. ತನ್ನ ಕಾಲಿನ ಲೆಕ್ಕ ಇವಳಿಗೆ ಯಾಕೆ ಬೇಕು? ಮಗ ಮಲ್ಲಿಕಾರ್ಜುನನನ್ನು ಕೇಳಿದರೆ, ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದವನು, “ಒಳ್ಳೇದಕ್ಕೆ ಹೇಳ್ತಾಳೆ, ಮಾಡಮ್ಮ” ಎಂದು ಕಣ್ಣು ತಪ್ಪಿಸಿ ಒಳಗೆ ಹೋದ. ಅವನು ಕಣ್ಣು ತಪ್ಪಿಸಿದ್ದನ್ನು ಅವಳು ಗಮನಿಸಿದಳು.

ಮೂರನೇ ವಾರ ಒಂದು ಸಂಜೆ ಅನುಪಮಾ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಬಟ್ಟೆ ಮಡಿಚುತ್ತಿದ್ದ ಕರಿಬಸಮ್ಮನ ಕಿವಿಗೆ ಅಷ್ಟೋ ಇಷ್ಟೋ ಬಿತ್ತು.

“ಇಲ್ಲ ಚಿಕ್ಕತ್ತೆ, ಅವರಿಗಿನ್ನೂ ಹೇಳಿಲ್ಲ. ಮೆಟ್ಲು ಹತ್ತಿ ಇಳಿಯೋ ಹಂಗಾಗ್ಲಿ, ಆಮೇಲೆ ಹೇಳ್ತೀನಿ. ಆಗಲಿಲ್ಲ ಅಂದ್ರೆ ನೀವೇ ದಾರಿ.”

ಚಿಕ್ಕತ್ತೆ ಎಂದರೆ ಚೇಳೂರಿನಲ್ಲಿರುವ ತನ್ನ ತಂಗಿ ಕಲ್ಲಮ್ಮ. ತನ್ನನ್ನು ಚೇಳೂರಿಗೆ ಸಾಗಿಸುವ ಏರ್ಪಾಡು! ಅಲ್ಲಿ ಹೊಲದ ಮನೆ. ನಡೆಯಲಾರದವಳನ್ನು ಕಲ್ಲಮ್ಮ ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ಈ ಕುರ್ಚಿ, ಈ ಗುರುತು. ತಂಗಿಯೂ ಇದರಲ್ಲಿ ಸೇರಿದ್ದಾಳಲ್ಲ ಎಂಬುದೇ ಹೆಚ್ಚು ನೋಯಿಸಿತು.

ನಾಲ್ಕು ದಿನ ವ್ಯಾಯಾಮ ಮಾಡಲಿಲ್ಲ, ಮಾಡಿದೆ ಎಂದಳು. ಐದನೇ ದಿನ ಅವಳ ಯೋಚನೆ ಬೇರೆ ಕಡೆ ತಿರುಗಿತು. ಕಾಲಿಗೆ ಬಲವಿಲ್ಲದಿದ್ದರೆ ಇವರು ಎತ್ತಿ ಕೂರಿಸಿದ ಕಡೆ ಕೂತಿರಬೇಕು. ಬಲವಿದ್ದರೆ, ಹೋಗಬೇಕೋ ಬೇಡವೋ ತಾನೇ ಹೇಳಬಹುದು. ಅಂದು ಮನೆಯಲ್ಲಿ ಯಾರೂ ಇಲ್ಲದಾಗ ಹಟಕ್ಕೆ ಬಿದ್ದು ನಲವತ್ತು ಸಲ ಕೂತು ಎದ್ದಳು. ಸಂಜೆಗೆ ಬಲಮಂಡಿ ಊದಿಕೊಂಡಿತು, ಸೊಸೆಗೆ ಲೆಕ್ಕ ಹೇಳಲೇಬೇಕಾಯಿತು.

ಅನುಪಮಾ ಐಸ್ ಇಡುತ್ತಾ ಗದರಿದಳು. “ಐದು ಅಂದಿದ್ದು ಯಾಕೆ ಗೊತ್ತಾ? ನಾಳೆನೂ ಮಾಡೋಕಾಗ್ಲಿ ಅಂತ. ಒಂದಿನ ನಲವತ್ತು ಮಾಡಿ ವಾರ ಮಲಗಿದ್ರೆ ಏನು ಬಂತು? ಊತ ಇಳಿಯೋವರೆಗೂ ಬೇಡ. ಆಮೇಲೆ ಎರಡರಿಂದ ಶುರು ಮಾಡಿ.”

ಹೇಳಿದ್ದು ಸುಳ್ಳೆನ್ನಿಸಲಿಲ್ಲ. ಸೊಸೆಯ ಮೇಲಿನ ಅನುಮಾನ ಹಾಗೇ ಇಟ್ಟುಕೊಂಡು ಅವಳ ಮಾತನ್ನು ಮಾತ್ರ ತೆಗೆದುಕೊಂಡಳು. ಊತ ಇಳಿದ ಮೇಲೆ ಎರಡು, ಆಮೇಲೆ ಮೂರು, ಐದು. ಬೇಸರವಾದ ದಿನ ಒಂದೇ ಸಲ ಎದ್ದು ನಿಂತು ಕಾಫಿಗೆ ಹೋಗುತ್ತಿದ್ದಳು, ಆದರೆ ಬಿಡುತ್ತಿರಲಿಲ್ಲ. ಶಿವರಾತ್ರಿ ಕಳೆಯುವ ಹೊತ್ತಿಗೆ ಎಂಟಕ್ಕೆ ಬಂದಿತ್ತು. ಪೂಜೆಯ ಮಣೆಯಿಂದ ಏಳುವಾಗ ಗೋಡೆ ಹಿಡಿಯುವುದು ಯಾವಾಗ ತಪ್ಪಿತೋ ಅವಳಿಗೇ ಗೊತ್ತಾಗಲಿಲ್ಲ.

ಮಾರ್ಚ್ ತಿಂಗಳ ಒಂದು ಗುರುವಾರ ಎಲ್ಲರೂ ಹೊರಟುಹೋದ ಮೇಲೆ ಅವಳು ಬಾಗಿಲಿಗೆ ಬೀಗ ಹಾಕಿ, ಕಂಬಿ ಹಿಡಿದು ಹತ್ತೊಂಬತ್ತು ಮೆಟ್ಟಿಲು ಇಳಿದಳು. ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ, ಆಧಾರ್ ಕಾರ್ಡು ತೋರಿಸಿ ಗುಬ್ಬಿ ಬಸ್ಸಿನಲ್ಲಿ ಕೂತಳು. ಗುಬ್ಬಿಯಲ್ಲಿ ಬಸ್ಸು ಬದಲಿಸಿ ಚೇಳೂರಿಗೆ ಬಂದಾಗ ಹನ್ನೊಂದೂವರೆ. ಕಲ್ಲಮ್ಮ ಅಂಗಳದಲ್ಲಿ ಒಣಕೊಬ್ಬರಿ ಹರಡುತ್ತಿದ್ದವಳು ಬಾಯಿ ತೆರೆದುಕೊಂಡು ನಿಂತಳು.

“ಅಕ್ಕಯ್ಯ! ಒಬ್ಳೇ ಬಂದ್ಯಾ? ಬಸ್ ಹೆಂಗ್ ಹತ್ತಿದೆ?”

“ಅದಿರ್ಲಿ. ನನ್ನನ್ನ ಇಲ್ಲಿಗೆ ಯಾವತ್ತು ಕಳಿಸ್ತಾರಂತೆ? ನೀನು ಎಷ್ಟು ದಿನಕ್ಕೆ ಒಪ್ಕೊಂಡಿದೀಯ?”

“ಯಾರು ಕಳಿಸ್ತಾರೆ ಕಣಕ್ಕ? ನನ್ನನ್ನೇ ಅಲ್ಲಿಗೆ ಬಾ ಅಂತವಳೆ ಅವ್ಳು!”

ಒಳಗೆ ಕೂತು ಮಜ್ಜಿಗೆ ಕುಡಿಯುವಾಗ ಕಲ್ಲಮ್ಮ ಎಲ್ಲ ಹೇಳಿದಳು. ಅನುಪಮಾಳಿಗೆ ಕುಣಿಗಲ್‌ನಲ್ಲಿ ಸರ್ಕಾರಿ ಕೆಲಸ ಸಿಗುವಂತಿತ್ತು. ಬೆಳಿಗ್ಗೆ ಆರೂಕಾಲಿಗೇ ಮನೆ ಬಿಡಬೇಕು. ಮಲ್ಲಿಕಾರ್ಜುನನ ಶಿಫ್ಟ್ ಒಂದೊಂದು ವಾರ ಒಂದೊಂದು. ಒಂದನೇ ಕ್ಲಾಸಿನ ಮಗಳು ಸುಮನಾಳನ್ನು ಎಂಟು ಗಂಟೆಗೆ ಕೆಳಗೆ ಕರೆದೊಯ್ದು ಸ್ಕೂಲ್ ವ್ಯಾನಿಗೆ ಹತ್ತಿಸಲು ಒಬ್ಬರು ಬೇಕು.

“ನಿನ್ ಕೈಲಿ ಆಗ್ದಿದ್ರೆ ನೀವು ಬಂದಿರಿ ಚಿಕ್ಕತ್ತೆ ಅಂದ್ಲು. ಹಸುಗಳನ್ನ ಬುಟ್ಟು ನಾನೆಲ್ಲಿ ಬರ್ಲಿ? ಆಗಲ್ಲ ಅಂದೆ. ಅದಕ್ಕೆ ಅಳ್ತಾ ಫೋನಿಟ್ಲು ಪಾಪ.”

ಕರಿಬಸಮ್ಮ ಲೋಟ ಕೆಳಗಿಟ್ಟಳು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ತನ್ನನ್ನು ಯಾರೂ ದೂಡುತ್ತಿರಲಿಲ್ಲ, ನಿಜ. ಆದರೆ ಇದೆಲ್ಲ ತನ್ನ ಮಂಡಿಗೋಸ್ಕರವೇ ಎಂಬುದೂ ಪೂರ್ತಿ ನಿಜವಾಗಿರಲಿಲ್ಲ.

ಸಂಜೆ ವಾಪಸಾದಾಗ ಅನುಪಮಾ ಗೇಟಿನ ಹತ್ತಿರವೇ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. “ಎಲ್ಲೋಗಿದ್ರಿ ಅತ್ತೆ? ಫೋನೂ ಮನೇಲೇ ಬಿಟ್ಟಿದೀರ!”

“ಕಲ್ಲಮ್ಮನ ಹತ್ರ. ನಿನ್ನ ಕುಣಿಗಲ್ ಕೆಲಸದ ವಿಷಯ ತಿಳ್ಕೊಂಡು ಬಂದೆ.”

ಅನುಪಮಾ ಗೇಟು ತೆರೆದು ದಾರಿ ಬಿಟ್ಟಳು. ಕರಿಬಸಮ್ಮ ಒಳಗೆ ಬರದೆ ಅಲ್ಲೇ ನಿಂತಳು.

“ಅಂದ್ರೆ ನಿನ್ನ ಅನುಕೂಲಕ್ಕೆ ನನ್ನ ಕಾಲು ರೆಡಿ ಮಾಡಿದೆ, ಅಲ್ವಾ?”

“ಹೌದತ್ತೆ. ನನ್ನ ಅನುಕೂಲಕ್ಕೂ ಹೌದು, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಮೊದಲೇ ಹೇಳಿದ್ರೆ ನೀವು ಏನಂತಿದ್ರಿ? ಕೆಲಸಕ್ಕೆ ಇಟ್ಕೊಳ್ಳೋಕೆ ತಯಾರು ಮಾಡ್ತಾ ಇದಾಳೆ ಅಂತಿರಲಿಲ್ವಾ?”

ಅನ್ನುತ್ತಿದ್ದಳು. ಖಂಡಿತ ಅನ್ನುತ್ತಿದ್ದಳು. ಕರಿಬಸಮ್ಮ ಮೆಟ್ಟಿಲು ಹತ್ತತೊಡಗಿದಳು. ಅರ್ಧಕ್ಕೆ ನಿಂತು ಉಸಿರು ತೆಗೆದುಕೊಂಡು ಹಿಂತಿರುಗಿ ನೋಡಿದಳು.

“ಇನ್ಮೇಲೆ ನನ್ನ ವಿಷಯ ನನ್ನ ಹತ್ರಾನೇ ಮಾತಾಡು. ಬಾಲ್ಕನೀಲಿ ನಿಂತ್ಕೊಂಡಲ್ಲ.”

“ಆಯ್ತತ್ತೆ.”

“ಕೆಲಸಕ್ಕೆ ಯಾವತ್ತು ಸೇರಬೇಕು?”

ಜೂನ್ ಒಂದನೇ ವಾರ ಅನುಪಮಾ ಕುಣಿಗಲ್ ಬಸ್ಸು ಹತ್ತಿದಳು. ಮೊದಮೊದಲು ಕರಿಬಸಮ್ಮ ಮೊಮ್ಮಗಳ ಕೈ ಬಿಗಿಯಾಗಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ವ್ಯಾನಿನವನು ಹಾರ್ನ್ ಹೊಡೆದರೆ “ಇರಪ್ಪ, ಬಂದ್ವಿ” ಎಂದು ಮೇಲಿನಿಂದಲೇ ಕೂಗುತ್ತಿದ್ದಳು. ಆಗಸ್ಟಿನಲ್ಲಿ ಜ್ವರ ಬಂದು ಒಂಬತ್ತು ದಿನ ಮಲಗಿದಳು. ಮಲ್ಲಿಕಾರ್ಜುನ ರಜೆ ಹಾಕಿ ಮಗಳನ್ನು ವ್ಯಾನಿಗೆ ಹತ್ತಿಸಿದ. ಹತ್ತನೇ ದಿನ ಪೂಜೆ ಮುಗಿಸಿ ಕುರ್ಚಿಯ ಮುಂದೆ ನಿಂತಾಗ ತೊಡೆ ನಡುಗಿತು. ಎಂಟು ಬಿಟ್ಟು, ಎರಡು ಸಲ ಕೂತು ಎದ್ದು, ಅಷ್ಟಕ್ಕೇ ನಿಲ್ಲಿಸಿ, ಸುಮನಾಳ ಜಡೆ ಹೆಣೆಯಲು ಬಾಚಣಿಗೆ ಹುಡುಕಿಕೊಂಡು ಹೋದಳು.